ಎಮ್ಯಾಕ್ಸ್, ಸ್ಲೈಮ್: ಫಂಕ್ಷನ್ ತಿದ್ದಿ ಕಂಪೈಲ್ ಮಾಡಿದರೂ ಹಳೇ ಉತ್ತರವೇ ಬರ್ತಿದೆ

ಕಂದಪ್ರಿಯ (ಪ್ರಶ್ನೆ)

ನಮಸ್ಕಾರ. ಹಳಗನ್ನಡ ಪದ್ಯಗಳಿಗೆ ಪ್ರಸ್ತಾರ ಹಾಕಿ ಮಾತ್ರೆ ಎಣಿಸೋ ಪ್ರೋಗ್ರಾಂ ಒಂದನ್ನ ಕಾಮನ್ ಲಿಸ್ಪ್‌ನಲ್ಲಿ ಬರೀತಿದ್ದೀನಿ. ಕಂದ ಕೊಟ್ಟರೆ ಸಾಲುಗಳಿಗೆ 12, 20, 12, 20 ಮಾತ್ರೆ ಬರುತ್ತಾ ನೋಡಿ, ತಪ್ಪಿದ ಸಾಲನ್ನ ತೋರಿಸಬೇಕು. ಲಿಸ್ಪ್ ಕಂಪೈಲರ್ ಎಸ್‌ಬಿಸಿಎಲ್, ಎಡಿಟರ್ ಎಮ್ಯಾಕ್ಸ್, ಇವೆರಡನ್ನೂ ಜೋಡಿಸೋಕೆ ಸ್ಲೈಮ್ ಬಳಸ್ತೀನಿ. ಹೆಸರುಗಳನ್ನೆಲ್ಲ ಕನ್ನಡದಲ್ಲೇ ಇಟ್ಟಿದ್ದೀನಿ, ಎಸ್‌ಬಿಸಿಎಲ್ ಏನೂ ತಕರಾರು ಮಾಡಿಲ್ಲ.

ಅಕ್ಷರ ಗುರು ಆಗೋ ಒಂದೊಂದು ಕಾರಣಕ್ಕೆ ಒಂದೊಂದು ಫಂಕ್ಷನ್: ದೀರ್ಘವೇ, ಬಿಂದುವೇ, ಒತ್ತಿನ-ಹಿಂದಿನದೇ. ಇವನ್ನ ಡಿಫ್‌ವಾರ್‌ನಲ್ಲಿ (ವೇರಿಯಬಲ್ ಹುಟ್ಟಿಸೋ ಫಾರ್ಮ್) \*ಗುರು-ನಿಯಮಗಳು\* ಅನ್ನೋ ಲಿಸ್ಟ್ ಮಾಡಿದ್ದೀನಿ, ಪ್ರತಿಯೊಂದರ ಮುಂದೂ #' ಹಾಕಿ. ಮಾತ್ರೆ-ಎಣಿಸು ಅನ್ನೋದು ಪ್ರತಿ ಅಕ್ಷರಕ್ಕೂ ಈ ಲಿಸ್ಟನ್ನ ಕೇಳುತ್ತೆ. ಯಾವುದಾದರೂ ಒಂದು ಹೌದು ಅಂದರೆ 2, ಇಲ್ಲದಿದ್ದರೆ 1.

"ಕನ್ನಡ" ಪದಕ್ಕೆ 4 ಬರಬೇಕು, 3 ಬರ್ತಿತ್ತು. ಒತ್ತಿನ-ಹಿಂದಿನದೇ ತಿದ್ದಿ ಕಂಟ್ರೋಲ್-ಸಿ ಎರಡು ಸಲ ಒತ್ತಿದೆ. ಕಂಪೈಲ್ ಆಯ್ತು, ವಾರ್ನಿಂಗ್ ಇಲ್ಲ. ರೆಪ್ಲ್‌ನಲ್ಲಿ (ಬರೆದದ್ದನ್ನ ಆಗಲೇ ಓಡಿಸೋ ಕಿಟಕಿ) ಆ ಫಂಕ್ಷನ್ನನ್ನೇ ನೇರವಾಗಿ ಕರೆದರೆ "ಕ"ಕ್ಕೆ ಸರಿಯಾಗಿ ಟಿ (ಹೌದು) ಅನ್ನುತ್ತೆ. ಮಾತ್ರೆ-ಎಣಿಸು ಕರೆದರೆ ಮತ್ತೆ 3! ಎಮ್ಯಾಕ್ಸ್ ಮುಚ್ಚಿ ತೆರೆದು ಎಲ್ಲ ಲೋಡ್ ಮಾಡಿದರೆ 4 ಬರುತ್ತೆ. ಹಳಗನ್ನಡದಲ್ಲಿ ಶಿಥಿಲದ್ವಿತ್ವ (ಮುಂದೆ ಒತ್ತಿದ್ದರೂ ಹಿಂದಿನ ಅಕ್ಷರ ಲಘುವಾಗೇ ಉಳಿಯೋದು) ಇರೋದರಿಂದ ಒತ್ತಿನ ನಿಯಮವನ್ನ ಪದೇ ಪದೇ ತಿದ್ದಬೇಕಾಗುತ್ತೆ. ಪ್ರತಿ ಸಲ ಪದ್ಯಗಳ ಫೈಲನ್ನೆಲ್ಲ ಮತ್ತೆ ಓದಿಸದೆ ಇರೋಕೆ ದಾರಿ ಇದೆಯಾ?

ಆವರಣದೊಳಗೆ

ಖಂಡಿತ ಇದೆ. ಸ್ಲೈಮ್ ತನ್ನ ಕೆಲಸ ಸರಿಯಾಗೇ ಮಾಡಿದೆ. ಸಿಕ್ಕು ಇರೋದು ಆ #' ನಲ್ಲಿ.

#'ಒತ್ತಿನ-ಹಿಂದಿನದೇ ಅಂತ ಬರೆದರೆ, ಡಿಫ್‌ವಾರ್ ಓಡಿದ ಆ ಹೊತ್ತಿಗೆ ಆ ಹೆಸರಿಗೆ ಯಾವ ಫಂಕ್ಷನ್ ಇತ್ತೋ ಅದೇ ಲಿಸ್ಟಿಗೆ ಹೋಗಿ ಕೂರುತ್ತೆ. ಆಮೇಲೆ ನೀವು ಕಂಪೈಲ್ ಮಾಡಿದಾಗ ಹೆಸರಿಗೆ ಹೊಸ ಫಂಕ್ಷನ್ ಬಂತು, ಲಿಸ್ಟಿನಲ್ಲಿ ಹಳೆಯದೇ ಉಳೀತು. ನೇರ ಕರೆದಾಗ ಲಿಸ್ಪ್ ಹೆಸರನ್ನ ಹಿಡಿದು ಹೋಗುತ್ತೆ, ಅದಕ್ಕೇ ಅಲ್ಲಿ ಸರಿ ಉತ್ತರ. ಪರೀಕ್ಷಿಸಬೇಕಾ? ಲಿಸ್ಟಿನಲ್ಲಿರೋ ಆ ಫಂಕ್ಷನ್ನನ್ನೂ #'ಒತ್ತಿನ-ಹಿಂದಿನದೇ ಅನ್ನೋದನ್ನೂ ರೆಪ್ಲ್‌ನಲ್ಲಿ ಈಕ್ಯೂ (ಎರಡೂ ಒಂದೇ ವಸ್ತುವೇ ಅಂತ ನೋಡೋ ಫಂಕ್ಷನ್) ಇಂದ ಹೋಲಿಸಿ. ನಿಲ್, ಅಂದರೆ ಇಲ್ಲ ಅಂತ ಬರುತ್ತೆ. ಪ್ರಿಂಟ್ ಮಾಡಿದಾಗ ಮಾತ್ರ ಎರಡಕ್ಕೂ ಒಂದೇ ಹೆಸರು ಕಾಣೋದರಿಂದ ಕಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ.

ಲಿಸ್ಟಿನಲ್ಲಿ #' ತೆಗೆದು ಬರೀ ' ಇಡಿ. ಆಗ ಅಲ್ಲಿರೋದು ಸಿಂಬಲ್, ಅಂದರೆ ಬರೀ ಹೆಸರು. ಫಂಕ್ಷನ್ ಕರೆಯೋ ಫನ್‌ಕಾಲ್‌ಗೆ ಸಿಂಬಲ್ ಕೊಟ್ಟರೆ ಕರೆಯೋ ಪ್ರತಿ ಸಲವೂ ಆ ಹೆಸರಿನ ಇವತ್ತಿನ ಫಂಕ್ಷನ್ನನ್ನ ಹುಡುಕಿ ಓಡಿಸುತ್ತೆ. ಸರ್ವರ್ ಬರೆಯೋರು ಹ್ಯಾಂಡ್ಲರ್‌ಗಳಿಗೆ ಸಿಂಬಲ್ ಕೊಡೋದೂ ಇದಕ್ಕೇ.

ಇಲ್ಲಿ ಇನ್ನೊಂದು ಎಡವುಗಲ್ಲಿದೆ. ಡಿಫ್‌ವಾರ್ ತಿದ್ದಿ ಕಂಟ್ರೋಲ್-ಸಿ ಎರಡು ಸಲ ಒತ್ತಿದರೆ ಏನೂ ಬದಲಾಗಲ್ಲ, ಯಾಕಂದರೆ ಈಗಾಗಲೇ ಬೆಲೆ ಇರೋ ವೇರಿಯಬಲ್ಲನ್ನ ಡಿಫ್‌ವಾರ್ ಮುಟ್ಟೋದೇ ಇಲ್ಲ. ಕರ್ಸರ್ ಅದರ ಮೇಲಿಟ್ಟು ಕಂಟ್ರೋಲ್-ಆಲ್ಟ್-ಎಕ್ಸ್ ಒತ್ತಿ. ಫಾರ್ಮ್ ಡಿಫ್‌ವಾರ್ ಆಗಿದ್ದರೆ ಸ್ಲೈಮ್ ಮೊದಲು ಹಳೇ ಬೆಲೆ ಕಿತ್ತುಹಾಕಿ ಆಮೇಲೆ ಓಡಿಸುತ್ತೆ. ನಿಯಮಗಳ ಲಿಸ್ಟನ್ನ ಡಿಫ್‌ಪ್ಯಾರಾಮೀಟರ್ ಮಾಡಿಬಿಟ್ಟರೆ ಇನ್ನೂ ಸಲೀಸು, ಅದು ಪ್ರತಿ ಸಲವೂ ಹೊಸ ಬೆಲೆ ಹಾಕುತ್ತೆ. ಪದ್ಯಗಳ ವೇರಿಯಬಲ್ ಮಾತ್ರ ಡಿಫ್‌ವಾರ್ ಆಗಿರಲಿ: ಫೈಲನ್ನ ಎಷ್ಟು ಸಲ ಕಂಪೈಲ್ ಮಾಡಿದರೂ ಓದಿಸಿದ ಪದ್ಯಗಳು ಹಾಗೇ ಇರ್ತವೆ, ನಿಮಗೆ ಬೇಕಿರೋದೂ ಅದೇ ತಾನೆ.

ನೀವು ಕೇಳದಿದ್ದರೂ ಒಂದು ಹೇಳ್ತೀನಿ, ನಿಮ್ಮ ಕೆಲಸಕ್ಕೆ ಇದು ಹೇಳಿಮಾಡಿಸಿದ್ದು. ನೂರಾರು ಪದ್ಯ ಓಡಿಸ್ತಾ ನಡುವೆ ಎಲ್ಲೋ ಎರರ್ ಬಂತು ಅಂದುಕೊಳ್ಳಿ. ಡೀಬಗ್ಗರ್ ಕಿಟಕಿ ತೆರೆದಾಗ ಗಾಬರಿಯಾಗಿ ಕ್ಯೂ ಒತ್ತಿ ಮುಚ್ಚಬೇಡಿ. ಆ ಲೆಕ್ಕ ಇನ್ನೂ ಜೀವಂತವಾಗಿ ಅಲ್ಲೇ ನಿಂತಿದೆ. ಫ್ರೇಮ್ (ಅಲ್ಲಿ ಕಾಣೋ ಕರೆಗಳ ಪಟ್ಟಿಯ ಒಂದು ಸಾಲು) ಮೇಲೆ ಎಂಟರ್ ಒತ್ತಿದರೆ ಯಾವ ಅಕ್ಷರದಲ್ಲಿ ಸಿಕ್ಕಿಕೊಂಡಿದೆ ಅಂತ ಕಾಣುತ್ತೆ. ಫೈಲಿಗೆ ಹೋಗಿ ಫಂಕ್ಷನ್ ತಿದ್ದಿ, ಕಂಪೈಲ್ ಮಾಡಿ, ವಾಪಸ್ ಬಂದು ಅದೇ ಫ್ರೇಮ್ ಮೇಲೆ ಆರ್ ಒತ್ತಿ. ತಿದ್ದಿದ ಫಂಕ್ಷನ್ ಅವೇ ಆರ್ಗ್ಯುಮೆಂಟ್‌ಗಳ ಜೊತೆ ಮತ್ತೆ ಓಡಿ, ಮುಂದಿನ ಪದ್ಯಕ್ಕೆ ಹೋಗುತ್ತೆ. ಎಸ್‌ಬಿಸಿಎಲ್‌ನಲ್ಲಿ ಇದು ನಡೆಯೋಕೆ ಆ ಫಂಕ್ಷನ್ ಮೊದಲೇ ಹೆಚ್ಚಿನ ಡೀಬಗ್ ಮಟ್ಟದಲ್ಲಿ ಕಂಪೈಲ್ ಆಗಿರಬೇಕು. ಕಂಟ್ರೋಲ್-ಯು ಒತ್ತಿ ಆಮೇಲೆ ಕಂಟ್ರೋಲ್-ಸಿ ಎರಡು ಸಲ ಒತ್ತಿದರೆ ಹಾಗಾಗುತ್ತೆ. ಈ ಒಂದು ಸೌಲಭ್ಯಕ್ಕಾಗಿಯೇ ನಾನು ಬೇರೆ ಭಾಷೆಗೆ ಹೋದಾಗೆಲ್ಲ ಲಿಸ್ಪನ್ನ ನೆನೆಸಿಕೊಳ್ತೀನಿ.

ವಿಮ್‌ವಾಸಿ

ಮೇಲಿನ ಉತ್ತರ ಎಮ್ಯಾಕ್ಸ್ ಇಲ್ಲದವರಿಗೂ ಅನ್ವಯಿಸುತ್ತೆ. ನಾನು ವಿಮ್‌ನಲ್ಲಿ ವ್ಲೈಮ್ ಬಳಸ್ತೀನಿ, ಅದೂ ಹಿಂದೆ ಮಾತಾಡೋದು ಸ್ಲೈಮ್‌ನ ಸ್ವ್ಯಾಂಕ್ ಸರ್ವರ್ ಜೊತೆಗೇ. #' ವಿಷಯ ಲಿಸ್ಪ್‌ನದು, ಎಡಿಟರ್‌ದಲ್ಲ.

ಮ್ಯಾಕ್ರೋ ತಿದ್ದಿದರೆ ಅದನ್ನ ಬಳಸಿರೋ ಫಂಕ್ಷನ್‌ಗಳನ್ನೂ ಮತ್ತೆ ಕಂಪೈಲ್ ಮಾಡಿ. ಇನ್‌ಲೈನ್ ಅಂತ ಘೋಷಿಸಿದ ಫಂಕ್ಷನ್ನಿಗೂ ಹಾಗೇ, ಯಾಕಂದರೆ ಇವೆರಡರ ಕೋಡೂ ಕಂಪೈಲ್ ಹೊತ್ತಿಗೇ ಕರೆಯೋ ಜಾಗದೊಳಗೆ ಸೇರಿಬಿಟ್ಟಿರುತ್ತೆ. ಫಂಕ್ಷನ್ ಹೆಸರು ಬದಲಾಯಿಸಿದರೆ ಹಳೇ ಹೆಸರು ಇಮೇಜ್‌ನಲ್ಲಿ (ಓಡ್ತಿರೋ ಲಿಸ್ಪ್‌ನ ನೆನಪಿನಲ್ಲಿ) ಉಳಿದಿರುತ್ತೆ, ಫೈಲಿನಲ್ಲಿ ಇಲ್ಲದ್ದನ್ನ ಕರೆದರೂ ಕೆಲಸ ಮಾಡಿಬಿಡುತ್ತೆ. ಸ್ಲೈಮ್‌ನಲ್ಲಾದರೆ ಕಂಟ್ರೋಲ್-ಸಿ ಕಂಟ್ರೋಲ್-ಯು ಒತ್ತಿ ಅದನ್ನ ಅಳಿಸಬಹುದು.

ಕಂದಪ್ರಿಯ

ಇಬ್ಬರಿಗೂ ತುಂಬಾ ಧನ್ಯವಾದ. ಸಿಂಬಲ್ ಹಾಕಿ ಕಂಟ್ರೋಲ್-ಆಲ್ಟ್-ಎಕ್ಸ್ ಒತ್ತಿದ ತಕ್ಷಣ 4 ಬಂತು. ಆರ್ ಒತ್ತೋದನ್ನೂ ನೋಡಿದೆ, ಬೇಕೆಂದೇ ಎರರ್ ತರಿಸಿ. ಅದ್ಭುತ!

ಈಗ ಬೇರೆ ಒಗಟು. "ಕೋಗಿಲೆ" ಅಂತ ನಾನೇ ಟೈಪ್ ಮಾಡಿದರೆ 4 ಮಾತ್ರೆ. ಜಾಲತಾಣದಿಂದ ತಂದ ಫೈಲಿನಲ್ಲಿರೋ ಅದೇ ಪದಕ್ಕೆ 3. ತೆರೆ ಮೇಲೆ ಎರಡೂ ಒಂದೇ ಥರ ಕಾಣ್ತವೆ.

ಆವರಣದೊಳಗೆ

ಎರಡಕ್ಕೂ ಲೆಂಗ್ತ್ ಕೇಳಿ ನೋಡಿ. ನಿಮ್ಮದಕ್ಕೆ 6 ಬಂದು ಫೈಲಿನದಕ್ಕೆ 8 ಬಂದರೆ ಕಾರಣ ಯೂನಿಕೋಡ್. ಓಕಾರದ ಚಿಹ್ನೆ ಒಂದೇ ಕೋಡ್ ಆಗಿಯೂ ಇರಬಹುದು, ಎತ್ವ, ಊಕಾರದ ಚಿಹ್ನೆ, ದೀರ್ಘದ ಚಿಹ್ನೆ ಅಂತ ಮೂರು ಬಿಡಿ ಕೋಡ್ ಆಗಿಯೂ ಇರಬಹುದು. ಬಿಡಿಯಾಗಿದ್ದಾಗ ನಿಮ್ಮ ದೀರ್ಘವೇ "ಕ" ಆದಮೇಲೆ ಎತ್ವ ನೋಡಿ ಹ್ರಸ್ವ ಅಂದುಕೊಳ್ತಿದೆ. ಈಕಾರ, ಏಕಾರಕ್ಕೂ ಇದೇ ಪಾಡು, ಅಲ್ಲಿ ಎರಡೆರಡು ಬಿಡಿ ಕೋಡ್.

ಎಸ್‌ಬಿಸಿಎಲ್ ಸಿಂಬಲ್‌ಗಳ ಹೆಸರನ್ನ ಓದುವಾಗ ತಾನೇ ನಾರ್ಮಲೈಸ್ ಮಾಡುತ್ತೆ (ಒಂದೇ ರೂಪಕ್ಕೆ ತರುತ್ತೆ), ಸ್ಟ್ರಿಂಗ್‌ಗಳನ್ನ ಮುಟ್ಟಲ್ಲ. ಅದರ ಯೂನಿಕೋಡ್ ಪ್ಯಾಕೇಜ್‌ನಲ್ಲಿ ನಾರ್ಮಲೈಸ್-ಸ್ಟ್ರಿಂಗ್ ಇದೆ. ಎನ್‌ಎಫ್‌ಸಿ (ಬಿಡಿ ಕೋಡ್‌ಗಳನ್ನ ಕೂಡಿಸೋ ರೂಪ) ಬೇಕು ಅಂತ ಸ್ಪಷ್ಟವಾಗಿ ಕೊಡಿ, ಬಿಟ್ಟರೆ ಅದು ಎನ್‌ಎಫ್‌ಡಿ ಮಾಡಿ ಎಲ್ಲವನ್ನೂ ಬಿಡಿಸಿಡುತ್ತೆ. ಫೈಲ್ ಓದೋ ಫಂಕ್ಷನ್ನಿನಲ್ಲೇ ಇದನ್ನ ಸೇರಿಸಿ. ಈಗಾಗಲೇ ಓದಿಸಿರೋ ಪದ್ಯಗಳಿಗೆ ಮತ್ತೆ ಫೈಲ್ ತೆರೆಯೋದು ಬೇಡ, ರೆಪ್ಲ್‌ನಲ್ಲೇ ಆ ಲಿಸ್ಟಿನ ಮೇಲೆ ನಾರ್ಮಲೈಸ್-ಸ್ಟ್ರಿಂಗನ್ನ ಪ್ರತಿ ಪದ್ಯಕ್ಕೂ ಹಚ್ಚೋ ಒಂದು ಮ್ಯಾಪ್‌ಕಾರ್ ಓಡಿಸಿ, ಬಂದಿದ್ದನ್ನ ಅದೇ ವೇರಿಯಬಲ್‌ಗೆ ಸೆಟ್‌ಎಫ್ ಮಾಡಿ.