ಬಿಡದೆ ಕಾಡುವ ಕೆಲಸದ ಒತ್ತಡಕ್ಕೆ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸಗಾರರಿಗಾಗಿ ಒಂದು ಆರೋಗ್ಯ ಕೈಪಿಡಿ ಬರೆಯುತ್ತಿದ್ದೇನೆ. ಕೆಲಸದ ಒತ್ತಡ ತಿಂಗಳುಗಟ್ಟಲೆ ಮುಂದುವರಿದರೆ ಹಾರ್ಮೋನುಗಳಿಗೆ ಏನಾಗುತ್ತದೆ ಅಂತ ವಿವರಿಸಬೇಕು. ಪದಗಳ ವಿಷಯದಲ್ಲಿ ನಿಮ್ಮ ಸಹಾಯ ಬೇಕು.

ಮೊದಲ ತೊಡಕು ‘ಒತ್ತಡ’ದ್ದೇ. ಬಿಪಿಗೂ ಅದೇ ಪದ, ಮನಸ್ಸಿಗೂ ಅದೇ ಪದ. ‘ಹೈಪರ್‌ಟೆನ್ಶನ್’ ಅಂದರೆ ಬಿಪಿ ಜಾಸ್ತಿ ಇರುವುದು, ಅದನ್ನು ‘ಜಾಸ್ತಿ ಟೆನ್ಶನ್’ ಅಂತ ತಿಳಿದವರು ತುಂಬಾ ಜನ ಇದ್ದಾರೆ. ಈಗ ಟೆನ್ಶನ್ ಇಲ್ಲ ಅಂತ ಬಿಪಿ ಮಾತ್ರೆ ನಿಲ್ಲಿಸಿದರೆ ಅಪಾಯ, ಅಲ್ವಾ? ಅದಕ್ಕೇ ಕೈಪಿಡಿಯಲ್ಲಿ ಒಂದಕ್ಕೆ ‘ಬಿಪಿ’, ಇನ್ನೊಂದಕ್ಕೆ ‘ಒತ್ತಡ’ ಎಂದೇ ಇಟ್ಟಿದ್ದೇನೆ.

ಸೂಪರ್‌ವೈಸರ್ ಗದರಿದಾಗ ಸೆಕೆಂಡುಗಳಲ್ಲೇ ಅಡ್ರಿನಲಿನ್ ಎಂಬ ಹಾರ್ಮೋನು ಏರುತ್ತದೆ. ಎದೆ ಡವಡವ ಅನ್ನುತ್ತದೆ, ಅಂಗೈ ಬೆವರುತ್ತದೆ. ಇದಕ್ಕೆ ಗಾಬರಿ, ದಿಗಿಲು ಅಂತ ಒಳ್ಳೆಯ ಪದಗಳಿವೆ. ಕಷ್ಟ ಇರುವುದು ನಿಧಾನದ ದಾರಿಯಲ್ಲಿ. ಮಿದುಳಿನ ಹೈಪೋಥಲಾಮಸ್ ಎಂಬ ಭಾಗ ಅದರ ಕೆಳಗಿರುವ ಪಿಟ್ಯುಟರಿ ಗ್ರಂಥಿಗೆ ಹೇಳುತ್ತದೆ, ಪಿಟ್ಯುಟರಿ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗೆ ಹೇಳುತ್ತದೆ. ಆಗ ಕಾರ್ಟಿಸಾಲ್ ಎಂಬ ಹಾರ್ಮೋನು ಬರುತ್ತದೆ. ಇದು ಬೇಕಾದದ್ದೇ. ರಕ್ತಕ್ಕೆ ಸಕ್ಕರೆ ಒದಗಿಸಿ ಮೈಯನ್ನು ಕೆಲಸಕ್ಕೆ ಸಜ್ಜು ಮಾಡುತ್ತದೆ. ಬೆಳಿಗ್ಗೆ ಎದ್ದ ಅರ್ಧ ಗಂಟೆಯ ಆಸುಪಾಸಿನಲ್ಲಿ ಜಾಸ್ತಿ, ನಡುರಾತ್ರಿಯ ಹೊತ್ತಿಗೆ ತೀರಾ ಕಡಿಮೆ. ಸಾಕಷ್ಟು ಆದಾಗ ‘ಇನ್ನು ಸಾಕು’ ಅಂತ ಮಿದುಳಿಗೆ ತಿಳಿಸುವುದೂ ಅದೇ ಕಾರ್ಟಿಸಾಲ್. ಟಾರ್ಗೆಟ್ ಮೇಲೆ ಟಾರ್ಗೆಟ್ ಬೀಳುತ್ತಲೇ ಇದ್ದರೆ ಈ ‘ಸಾಕು’ ಸರಿಯಾಗಿ ನಾಟುವುದಿಲ್ಲ, ಏರಿಳಿತ ಕೆಡುತ್ತದೆ. ನಿದ್ದೆ ಹಾಳಾಗಬಹುದು, ಹೊಟ್ಟೆಯ ಸುತ್ತ ಕೊಬ್ಬು ಸೇರಬಹುದು, ಮುಟ್ಟು ಏರುಪೇರಾಗಬಹುದು.

ಇದಕ್ಕೆ ‘ದೀರ್ಘಕಾಲಿಕ ಒತ್ತಡ’ ಅಂದರೆ ಯಾರಿಗೂ ತಟ್ಟುವುದಿಲ್ಲ. ನನಗೆ ‘ಬಿಡದ ಒತ್ತಡ’ ಹಿಡಿಸಿದೆ, ಬಿಡದ ಮಳೆ ಅನ್ನುತ್ತೇವಲ್ಲ, ಹಾಗೆ. ಎಷ್ಟು ದಿನ ಅನ್ನುವುದಕ್ಕಿಂತ ನಡುವೆ ಬಿಡುವು ಸಿಗದಿರುವುದೇ ಮೈಯನ್ನು ಕೆಡಿಸುವುದು. ಆ ಅರ್ಥ ಇದರಲ್ಲಿದೆ. ಹುಬ್ಬಳ್ಳಿ–ಧಾರವಾಡದ ಕಡೆಯ ‘ತ್ರಾಸ’ವನ್ನೂ ಯೋಚಿಸಿದೆ, ಆದರೆ ಅದು ಎಲ್ಲ ಕಷ್ಟಕ್ಕೂ ಸಲ್ಲುತ್ತದೆ.

‘ಬರ್ನ್‌ಔಟ್’ಗೆ ‘ಬಳಲಿಕೆ’ ಸಾಲದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಕಾಯಿಲೆ ಎನ್ನಲಿಲ್ಲ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದಿತು. ಸುಸ್ತಿನ ಜೊತೆ ಕೆಲಸದ ಮೇಲೆ ಮನಸ್ಸು ಮುರಿಯುವುದೂ ಅದರಲ್ಲಿ ಸೇರಿದೆ. ‘ರೋಸಿಹೋಗುವುದು’ ಹತ್ತಿರ ಬರುತ್ತದೆ ಅನಿಸುತ್ತದೆ.

‘ಅಡ್ರಿನಲ್ ದಣಿವು’ ಅನ್ನುವುದನ್ನು ಮಾತ್ರ ದಯವಿಟ್ಟು ಯಾರೂ ಬಳಕೆಗೆ ತರಬೇಡಿ. ಒತ್ತಡದಿಂದ ಗ್ರಂಥಿಯೇ ಸೋತುಹೋಗುತ್ತದೆ ಎಂಬ ಈ ಮಾತನ್ನು ಹಾರ್ಮೋನ್ ತಜ್ಞರು ಒಪ್ಪುವುದಿಲ್ಲ. 1936ರಲ್ಲಿ ಒತ್ತಡದ ಸಂಶೋಧಕ ಹ್ಯಾನ್ಸ್ ಸೆಲ್ಯೆ ಹಿಂಸೆಗೆ ಒಳಗಾದ ಇಲಿಗಳಲ್ಲಿ ಕಂಡದ್ದು ದೊಡ್ಡದಾಗಿ ಬೆಳೆದ ಅಡ್ರಿನಲ್ ಗ್ರಂಥಿಗಳನ್ನು, ಸೋತವನ್ನಲ್ಲ.

ಕರಾವಳಿಯಲ್ಲಿ ಬೀಡಿ ಕಟ್ಟುವವರು, ಕೊಡಗು–ಚಿಕ್ಕಮಗಳೂರಿನ ಕಾಫಿ ತೋಟದವರು ಬಿಡುವಿಲ್ಲದ ಈ ಸ್ಥಿತಿಗೆ ಏನನ್ನುತ್ತಾರೆ? ಕೇಳಿದ್ದರೆ ಅವರು ಆಡುವ ಹಾಗೇ ಬರೆದು ಕಳಿಸಿ.