‘ರಸ್ಲರ್’ಗೆ ತುರುಗಳ್ಳ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಹಳೆಯ ಅಮೆರಿಕನ್ ವೆಸ್ಟರ್ನ್ ಧಾರಾವಾಹಿಗಳ ಕಥಾಸಾರವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸದ್ಯ ಕೈಯಲ್ಲಿರುವುದು ‘ರಾಹೈಡ್’. 1959ರಿಂದ 1965ರವರೆಗೆ ಅಮೆರಿಕದ ಸಿಬಿಎಸ್ ಟಿವಿಯಲ್ಲಿ ಬಂದದ್ದು, ಕ್ಲಿಂಟ್ ಈಸ್ಟ್‌ವುಡ್‌ಗೆ ಹೆಸರು ತಂದುಕೊಟ್ಟದ್ದು. ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಿಂದ ಮಿಸೌರಿಯ ಸೆಡೇಲಿಯಾವರೆಗೆ ದನದ ಹಿಂಡು ಹೊಡೆದುಕೊಂಡು ಹೋಗುವವರ ಕಥೆ. ಅವರ ಮುಂದಾಳು ಗಿಲ್ ಫೇವರ್‌ನನ್ನು ‘ಮೇಸ್ತ್ರಿ’ ಅಂತ ಬರೆದೆ, ಚೆನ್ನಾಗಿ ಕೂತಿತು. ಕೌಬಾಯ್‌ಗೆ ‘ತುರುಗಾಹಿ’ (ತುರು ಅಂದರೆ ದನ, ಅದನ್ನು ಕಾಯುವವನು) ಅಂದೆ. ತುರುಗಾಹಿ ರಾಮಣ್ಣ ಅಂತ 12ನೇ ಶತಮಾನದ ವಚನಕಾರರೇ ಇದ್ದಾರಲ್ಲ. ಸಿಕ್ಕಿಕೊಂಡದ್ದು ‘ರಸ್ಲರ್’ ಹತ್ತಿರ.

ರಸ್ಲರ್ ಅಂದರೆ ದನ ಕದಿಯುವವನು. ದನಗಳ್ಳ ಅಂದರೆ ಸಾಕಲ್ವಾ ಅಂತ ನೀವು ಕೇಳಬಹುದು. ಆದರೆ ನಮ್ಮ ಕಿವಿಗೆ ದನಗಳ್ಳ ಅಂದರೆ ರಾತ್ರಿ ಕೊಟ್ಟಿಗೆಗೆ ನುಗ್ಗಿ ಹಗ್ಗ ಬಿಚ್ಚಿಕೊಂಡು ಹೋಗುವವನು. ಅಲ್ಲಿ ಕೊಟ್ಟಿಗೆಯೂ ಇಲ್ಲ, ಹಗ್ಗವೂ ಇಲ್ಲ. ಬೇಲಿಯಿಲ್ಲದ ಬಯಲಲ್ಲಿ ಮೇಯುವ ಹಿಂಡಿಗೆ ಕುದುರೆ ಮೇಲೆ ಗುಂಪಾಗಿ ಬಂದು ನುಗ್ಗುತ್ತಾರೆ.

ಹಾಗಾಗಿ ವೀರಗಲ್ಲುಗಳ ‘ತುರುಗೋಳ್’, ಅಂದರೆ ದನ ಸೆರೆಹಿಡಿಯುವುದು, ನೆನಪಾಯಿತು. ದನ ಹಿಡಿದುಕೊಂಡು ಹೋದವರ ಬೆನ್ನಟ್ಟಿ, ತುರುವನ್ನು ಮರಳಿಸಿ ಸತ್ತವರಿಗೆ ಊರವರು ಕಲ್ಲು ನಿಲ್ಲಿಸಿದ್ದಾರೆ. ದೃಶ್ಯವೇನೋ ಹೆಚ್ಚುಕಡಿಮೆ ಅದೇ. ಆದರೂ ನನಗೆ ಸಮಾಧಾನವಿಲ್ಲ. ತುರುಗೋಳ್ ಯುದ್ಧದ ಮಾತು. ವಿರಾಟನ ಗೋವುಗಳನ್ನು ಹಿಡಿಯಲು ಬಂದವರಲ್ಲಿ ಭೀಷ್ಮ, ದ್ರೋಣರೂ ಇದ್ದರು. ಅವರನ್ನು ಯಾರೂ ಕಳ್ಳರು ಅನ್ನುವುದಿಲ್ಲ. ರಸ್ಲರ್‌ಗೆ ಆ ಮರ್ಯಾದೆ ಇಲ್ಲ. ಸಿಕ್ಕಿಬಿದ್ದರೆ ವಿಚಾರಣೆಯೂ ಇಲ್ಲದೆ ಮರಕ್ಕೆ ನೇಣು ಹಾಕಿದ್ದುಂಟು.

ಇನ್ನೊಂದು ವ್ಯತ್ಯಾಸ ಇನ್ನೂ ಮುಖ್ಯ. ದನ ಹೊಡೆದುಕೊಂಡು ಹೋದರೆ ರಸ್ಲರ್ ಕೆಲಸ ಅರ್ಧ ಮಾತ್ರ ಆಯಿತು. ಬೇಲಿಯಿಲ್ಲದ ಊರಲ್ಲಿ ದನ ಯಾರದು ಅನ್ನುವುದಕ್ಕೆ ಸಾಕ್ಷಿ ಅದರ ಚರ್ಮದ ಮೇಲೆ ಕಾದ ಕಬ್ಬಿಣದಿಂದ ಒತ್ತಿದ ಗುರುತು. ಅದನ್ನು ಕೌಂಟಿ ಕಚೇರಿಯಲ್ಲಿ ನೋಂದಾಯಿಸುತ್ತಿದ್ದರು. ರಸ್ಲರ್ ಆ ಗುರುತನ್ನು ತಿದ್ದಬೇಕು. ‘ಸಿ’ ಅಕ್ಷರವಿದ್ದರೆ ಕಬ್ಬಿಣ ಕಾಯಿಸಿ ಅದರ ತೆರೆದ ಬಾಯಿ ಮುಚ್ಚುತ್ತಾನೆ, ‘ಓ’ ಆಗುತ್ತದೆ. ಅಂದರೆ ಅವನು ಕಳ್ಳ ಮಾತ್ರ ಅಲ್ಲ, ಖೋಟಾ ದಸ್ತಾವೇಜು ಮಾಡುವವನೂ ಹೌದು.

ಈ ಗುರುತಿಗೆ ಹಲವರು ‘ಬರೆ’ ಅಂತ ಬರೆಯುತ್ತಾರೆ. ನನಗೆ ಸರಿ ಕಾಣುವುದಿಲ್ಲ. ಬರೆಯಲ್ಲಿ ಸುಟ್ಟ ನೋವು ಇದೆ, ಒಡೆಯನ ಹೆಸರಿಲ್ಲ. ‘ಮುದ್ರೆ’ಯಲ್ಲಿ ಎರಡೂ ಇವೆ. ಮಾಧ್ವರ ಮುದ್ರಾಧಾರಣೆಯಲ್ಲಿ ಶಂಖ, ಚಕ್ರದ ಮುದ್ರೆಯನ್ನು ಕಾಯಿಸಿಯೇ ಒತ್ತುವುದು. ಆದ್ದರಿಂದ ನನ್ನ ಮತ ಮುದ್ರೆಗೆ.

ಹಾಗಾದರೆ ಮುದ್ರೆಯಿಲ್ಲದ ದನ? ಇಂಗ್ಲಿಷಿನಲ್ಲಿ ‘ಮ್ಯಾವೆರಿಕ್’. ಟೆಕ್ಸಸ್‌ನ ಸ್ಯಾಮ್ಯುಯೆಲ್ ಮ್ಯಾವೆರಿಕ್ ತನ್ನ ದನಗಳಿಗೆ ಮುದ್ರೆ ಒತ್ತಿಸದೆ ಬಿಟ್ಟಿದ್ದರಿಂದ ಬಂದ ಹೆಸರು. 1957ರಲ್ಲಿ ಶುರುವಾದ ಇನ್ನೊಂದು ವೆಸ್ಟರ್ನ್ ಧಾರಾವಾಹಿಗೂ ಅದೇ ಹೆಸರು. ಪತ್ರಿಕೆಗಳ ‘ಬೀಡಾಡಿ ದನ’ ಹತ್ತಿರ ಬರುತ್ತದೆ. ಆದರೆ ಬೀಡಾಡಿ ದನಕ್ಕೆ ಎಲ್ಲೋ ಒಬ್ಬ ಒಡೆಯ ಇರಬಹುದು, ಸುಮ್ನೆ ಬೀದಿಗೆ ಬಿಟ್ಟಿರುತ್ತಾನೆ. ಮ್ಯಾವೆರಿಕ್ ಯಾರದೆಂದು ಹೇಳಲು ಏನೂ ಇಲ್ಲ, ಮೊದಲು ಮುದ್ರೆ ಒತ್ತಿದವನದೇ ಅದು.

ಸದ್ಯಕ್ಕೆ ರಸ್ಲರ್‌ಗೆ ‘ತುರುಗಳ್ಳ’ ಅಂತ ಇಟ್ಟುಕೊಂಡಿದ್ದೇನೆ. ತುರುಗಾಹಿಗೆ ಎದುರಾಗಿ ನಿಲ್ಲುತ್ತದೆ, ಕಳ್ಳತನವೂ ಉಳಿಯುತ್ತದೆ. ಓದುವವರಿಗೆ ತೀರಾ ಹಳಗನ್ನಡ ಅನ್ನಿಸುತ್ತದೆಯೇ? ಇನ್ನೊಂದು ಕೇಳಬೇಕು. ಗೊಲ್ಲರ ಹಟ್ಟಿಗಳಲ್ಲಿ, ಮಲೆನಾಡಿನಲ್ಲಿ ದನ ಕಾಯುವವರ ಮಾತಿನಲ್ಲಿ ಗುರುತು ಹಾಕದ ಕರುವಿಗೆ ಬೇರೆ ಹೆಸರಿದ್ದರೆ ದಯವಿಟ್ಟು ತಿಳಿಸಿ. ಯಾವ ಊರಿನ ಮಾತು ಅಂತಲೂ ಬರೆಯಿರಿ.