ವಾಡೆ ಹೆಬ್ಬಾಗಿಲ ಬೋರ್ಡು: ಮನೆತನದ ವಾಟ್ಸಾಪ್ ಗುಂಪಿನಾಗ

ದೊಡ್ಡ ಕಾಕಾ: [ಫೋಟೊ] ನೋಡ್ರಿ, ನಮ್ಮ ಹಿರೇರ ವಾಡೆ (ದೊಡ್ಡ ಮನಿ) ಈಗ ಕೊಂಡವ ಬಾಗಲಿಗಿ ಬೀಗ ಜಡದು ‘ಖಾಸಗಿ ಸ್ವತ್ತು’ ಅಂತ ಬೋರ್ಡ್ ಹೊಡ್ದಾನ. ನಮ್ಮ ದೇವರ ಗುಡಿಗಿ ಹೋಗೋ ದಾರಿನೂ ಬಂದ್ ಆಗ್ಯದ. ನಿಜಾಮರು ಜಾಗೀರು ಕೊಟ್ಟ ಸನದು (ಹಕ್ಕುಪತ್ರ) ನಮ್ಮ ಕಡೆ ಅದ. ನಾಳೆನೇ ಯಾದಗಿರಿ ಕೋರ್ಟಿಗಿ ಹೋಗೋಣು.

ವಕೀಲ್ ಅಕ್ಕ: ಕಾಕಾ, ಸನದು ಹಿಡ್ಕೊಂಡು ದಾವೆ ಹಾಕಬ್ಯಾಡ್ರಿ. ಜಾಗೀರು ಅಂದ್ರ ಊರಿನ ಕಂದಾಯ ಎತ್ತೋ ಹಕ್ಕು. ಅದು 1949ರ ಆಗಸ್ಟ್ 15ಕ್ಕೇ ರದ್ದಾಯ್ತು. ವಾಡೆ ಹೋಗಿದ್ದು ಅದರಿಂದ ಅಲ್ಲ, ನಮ್ಮವರೇ ಬರ್ಕೊಟ್ಟ ಖರೀದಿ ಪತ್ರದಿಂದ.

ಸಣ್ಣ ಕಾಕಾ: ಆ ಪತ್ರಕ್ಕ ಮಕ್ಕಳ್ಯಾರೂ ಸಹಿ ಮಾಡಿಲ್ಲಲ್ಲ?

ವಕೀಲ್ ಅಕ್ಕ: ತಂದಿ ಮಾರಿದ್ದನ್ನ ಮಗ ಪ್ರಶ್ನೆ ಮಾಡ್ಲಿಕ್ಕ ಲಿಮಿಟೇಶನ್ ಕಾಯ್ದೆ (ದಾವೆ ಹಾಕೋ ಗಡುವಿನ ಕಾಯ್ದೆ) ಆರ್ಟಿಕಲ್ 109 ಅದ. ಕೊಂಡವ ಕಬ್ಜಾ (ಸ್ವಾಧೀನ) ತಗೊಂಡಾಗಿಂದ 12 ವರ್ಷ ಅಷ್ಟೇ. ಮೊದ್ಲ ಕೊಂಡವ 1998ರಾಗ ಕಬ್ಜಾ ತಗೊಂಡಾನ, ಈ ಬೋರ್ಡ್ ಹೊಡದವ ಅವನ ಕಡಿಂದ ಕೊಂಡಾನ. ಗಡುವು ಎಂದೋ ಮುಗದದ.

ತಮ್ಮ: ಪಹಣಿ ತೆಗಸ್ಲೇನಕ್ಕ?

ವಕೀಲ್ ಅಕ್ಕ: ವಾಡೆ ಗಾವಠಾಣದಾಗ (ಊರೊಳಗಿನ ಮನಿ ಜಾಗದಾಗ) ಅದ, ಪಹಣಿ ಇರಂಗಿಲ್ಲ. ಪಂಚಾಯಿತಿಯ ಖಾತಾ ನಕಲು ತಗೋ. ಆದ್ರ ಖಾತಾ ಅಂದ್ರ ತೆರಿಗಿ ಲೆಕ್ಕ, ಮಾಲಕಿ ಅಲ್ಲ. ಖರೀದಿ ಪತ್ರದ ದೃಢೀಕೃತ ನಕಲು ತಗೊಂಡು ನಾಕೂ ಕಡಿ ಚಕ್ಕುಬಂದಿ (ಗಡಿ ವಿವರ) ಓದು. ದೇವರ ಗುಡಿ ಅದರ ಒಳಗ ಬಂದದೋ ಹೊರಗ ಉಳಿದದೋ, ಅದರ ಮ್ಯಾಲೇ ನಮ್ಮ ಕೇಸು ನಿಂತದ.

ಕಾಕು: ಜಾತ್ರ್ಯಾಗ ಮೊದಲನೇ ಆರತಿನೂ ಅವನೇ ಕಸ್ಕೊಂಡ. ಅದಕ್ಕೇನಂತಿ?

ವಕೀಲ್ ಅಕ್ಕ: ನನಗೂ ಹೊಟ್ಟಿ ಉರೀತದ ಕಾಕು. ಆದ್ರ ಬರೇ ಮಾನ-ಮರ್ಯಾದಿಗಿ ಸಿವಿಲ್ ದಾವೆ ನಿಲ್ಲಂಗಿಲ್ಲ.

ದೊಡ್ಡ ಕಾಕಾ: ಹಂಗಂದ್ರ ಗುಡಿ ದಾರಿನೂ ಬಿಡಬೇಕೇನು?

ವಕೀಲ್ ಅಕ್ಕ: ಬಿಡಬ್ಯಾಡ್ರಿ! ನಿಂತು ಹೊಡೆದಾಡ್ಲಿಕ್ಕ ಅದೊಂದೇ ಉಳದದ. ಗುಡಿ ಜಾಗ ನಮ್ಮ ಹೆಸರಿಗೇ ಇದ್ದು, 20 ವರ್ಷ ತಡಿ ಇಲ್ಲದ, ಯಾರ ಪರವಾನಿಗಿನೂ ಕೇಳದ ಆ ದಾರ್ಯಾಗ ನಡದಿದ್ರ ಹಕ್ಕು ಬರ್ತದ. ಬಾಗಲ ಹಾಕಿದ 2 ವರ್ಷದೊಳಗ ದಾವೆ ಹಾಕಬೇಕು. ‘ದಯಮಾಡಿ ಒಳಗ ಬಿಡ್ರಿ’ ಅಂತ ಅವಗ ಯಾರೂ ಮೆಸೇಜ್ ಮಾಡಬ್ಯಾಡ್ರಿ. ನಾವು ಅವನ ಪರವಾನಿಗಿ ಮ್ಯಾಲ ನಡೀತಿದ್ವಿ ಅಂತ ಅವನ ವಕೀಲ ಅದನ್ನೇ ತೋರಸ್ತಾನ.

ಸಣ್ಣ ಕಾಕಾ: ಬೀಗ ಒಡದು ಒಳಗ ಹೋದ್ರ?

ವಕೀಲ್ ಅಕ್ಕ: ಫೌಜದಾರಿ ಕೇಸು ಆಗ್ತದ, ತಡೆಯಾಜ್ಞೆ ಅವನಿಗೇ ಸಿಗ್ತದ. ಅದರ ಬದಲಿ ಹಳೇ ಜಾತ್ರಿ ಫೋಟೊ ಹುಡುಕ್ರಿ, ದಾರಿ ಕಾಣಬೇಕು. ಪಲ್ಲಕ್ಕಿ ಹೊರೋರು, ಪೂಜಾರಿ ಸಾಕ್ಷಿ ಹೇಳ್ತಾರೇನು ಕೇಳ್ರಿ. ದಾರಿ ಅಗಲ ಎಷ್ಟು ಫೂಟು ಅಂತ ದಾವೆಯೊಳಗ ಬರದು ಕೈನಕ್ಷೆ ಹಚ್ಚಬೇಕು. ಇಲ್ಲಂದ್ರ ಡಿಕ್ರಿ ಸಿಕ್ರೂ ಜಾರಿ ಮಾಡೋವಾಗ ಎಲ್ಲಿಂದ ಎಲ್ಲಿತನ ಅಂತ ಮತ್ತ ತಕರಾರು.

ಕಾಕು: ನನ್ನ ಮದುವಿ ಅಲ್ಬಮ್ಮಿನಾಗ ದೇವರಿಗಿ ಹೋಗೋ ಮೆರವಣಿಗಿ ಫೋಟೊ ಅದ. ಹಿಂದ ಹೆಬ್ಬಾಗಲ ಕಾಣ್ತದ.

ವಕೀಲ್ ಅಕ್ಕ: ಯಾವ ವರ್ಷದ್ದು ಕಾಕು?

ಕಾಕು: 1987.

ದೊಡ್ಡ ಕಾಕಾ: ಲಗ್ನಪತ್ರಿಕಿ ನನ್ನ ಟ್ರಂಕಿನಾಗ ಅದ, ತಾರೀಖಿಗಿ ಅದೂ ತರ್ತೀನಿ. ಸನದು ಅಲ್ಲೇ ಇರ್ಲಿ.